ನೀರು, ಬಿಸಿಲು, ಬಚ್ಚಲು: ಕಪ್, ಬಟ್ಟೆ ಪ್ಯಾಡು, ಪೀರಿಯಡ್ ಪ್ಯಾಂಟಿಗಳಲ್ಲಿ ನಿಮಗೆ ಹೊಂದುವುದು ಯಾವುದು?

ಮುಟ್ಟಿನ ಕಪ್ ಒಳ್ಳೆಯದೋ ಬಟ್ಟೆ ಪ್ಯಾಡು ಒಳ್ಳೆಯದೋ ಎಂದು ಕೇಳಿದವರಿಗೆ ನಾವು ತಿರುಗಿ ಮೂರು ಪ್ರಶ್ನೆ ಕೇಳುತ್ತೇವೆ. ನಿಮ್ಮ ಮನೆಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಒಗೆದದ್ದನ್ನು ಎಲ್ಲಿ ಒಣಹಾಕುತ್ತೀರಿ? ಬೆಳಗ್ಗೆ ಮನೆ ಬಿಟ್ಟ ಮೇಲೆ ಚಿಲಕ ಹಾಕಿಕೊಳ್ಳಬಹುದಾದ ಬಚ್ಚಲು ಎಷ್ಟು ತಾಸಿಗೊಮ್ಮೆ ಸಿಗುತ್ತದೆ? ಬೆಲೆ, ಬಣ್ಣ, ಕಂಪನಿ ಎಲ್ಲ ಆಮೇಲಿನ ಮಾತು.

ವಿಜಯಪುರ ಜಿಲ್ಲೆಯ ಇಂಡಿ ಊರಿನ ಏಪ್ರಿಲ್ ಬಿಸಿಲಿನಲ್ಲಿ ಬಟ್ಟೆ ಪ್ಯಾಡು ಮೂರ್ನಾಲ್ಕು ತಾಸಿಗೆ ಗರಿಗರಿಯಾಗುತ್ತದೆ. ಅದೇ ಪ್ಯಾಡು ಖಾನಾಪುರ ತಾಲೂಕಿನ ಕಣಕುಂಬಿಯ ಜುಲೈ ಮಳೆಯಲ್ಲಿ ಎರಡು ಮೂರು ದಿನ ಹಗ್ಗದ ಮೇಲಿದ್ದರೂ ಒಳಪದರು ತಣ್ಣಗೇ ಇರುತ್ತದೆ. ಬೆಳಗಾವಿಯಲ್ಲಿ ಇಪ್ಪತ್ನಾಲ್ಕು ತಾಸು ನೀರು ಬರುವ ಓಣಿಯವರಿಗೆ ಒಗೆಯುವುದು ದೊಡ್ಡ ಕೆಲಸವೇ ಅಲ್ಲ. ಬೋರ್‌ವೆಲ್ಲಿನ ಸವಳು ನೀರನ್ನೇ ನೆಚ್ಚಿದ ಮನೆಯಲ್ಲಿ ಒಗೆದಷ್ಟೂ ಬಟ್ಟೆ ಬಿರುಸಾಗುತ್ತದೆ. ಹಾಗಾಗಿ ಗೆಳತಿಗೆ ಒಗ್ಗಿದ್ದು ನಿಮಗೆ ಒಗ್ಗದೆ ಹೋದರೆ ತಪ್ಪು ನಿಮ್ಮದಲ್ಲ, ನಿಮ್ಮ ಮೈಯದೂ ಅಲ್ಲ.

ಮೊದಲು ಅಳತೆ

ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿ, ಅಂದರೆ ಆರೆಂಟು ಚಹಾ ಚಮಚ. ನೋಡುವುದಕ್ಕೆ ಹೆಚ್ಚು ಕಾಣುತ್ತದೆ, ಯಾಕೆಂದರೆ ಜೊತೆಗೆ ಲೋಳೆ ಮತ್ತು ಗರ್ಭಚೀಲದ ಒಳಪದರೂ ಬರುತ್ತದೆ. 80 ಮಿಲಿ ದಾಟಿದರೆ ಅದನ್ನು ವೈದ್ಯರು ಅತಿಸ್ರಾವ ಎನ್ನುತ್ತಾರೆ. ಈ ಅಳತೆ ನೆನಪಿದ್ದರೆ ಹೋಲಿಕೆ ಸಲೀಸು: ಸಾಮಾನ್ಯ ಪ್ಯಾಡು, ಅಂಗಡಿಯದಿರಲಿ ಬಟ್ಟೆಯದಿರಲಿ, ಆರಾಮವಾಗಿ ಹಿಡಿಯುವುದು 5ರಿಂದ 15 ಮಿಲಿ. ಕಪ್ 20ರಿಂದ 30 ಮಿಲಿ ಹಿಡಿಯುತ್ತದೆ. ಪೀರಿಯಡ್ ಪ್ಯಾಂಟಿಯದು ಅದರ ಪದರಿನ ಮೇಲೆ ಹೋಗುತ್ತದೆ. ತೆಳುವಾದದ್ದು ಒಂದು ಪ್ಯಾಡಿನಷ್ಟು, ರಾತ್ರಿಗೆಂದು ಮಾಡಿದ್ದು ಎರಡು ಪ್ಯಾಡಿನಷ್ಟು.

ಮನೆಯ ಹಳೆ ಅರಿವೆ

ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳು ಇಂದಿಗೂ ಬಳಸುವುದು ಹಳೆ ಧೋತರ, ಹಳೆ ಸೀರೆಯ ಅರಿವೆಯನ್ನೇ. ಅದನ್ನು ಕೊಳಕು ಎಂದು ಹೀಗಳೆಯುವುದು ಸರಿಯಲ್ಲ. ಹತ್ತಿಯ ಮೆತ್ತನೆಯ ಅರಿವೆ, ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದ್ದು, ಮೈಗೆ ಯಾವ ತೊಂದರೆಯನ್ನೂ ಮಾಡುವುದಿಲ್ಲ. ತೊಂದರೆ ಮಾಡುವುದು ಪಾಲಿಸ್ಟರ್ ಸೀರೆಯ ತುಂಡು, ಅರ್ಧಂಬರ್ಧ ಒಣಗಿದ ಮಡಿಕೆ, ಮತ್ತು ಬೆಳಗಿನಿಂದ ಸಂಜೆವರೆಗೆ ಬದಲಿಸದ ಒಂದೇ ಬಟ್ಟೆ.

ಯಾವ ಅರಿವೆ ಹತ್ತಿಯದು ಎಂದು ಕೈಯಿಂದ ಮುಟ್ಟಿ ಹೇಳುವುದು ಈಗ ಕಷ್ಟ. ಇಳಕಲ್ ಸೀರೆಗಳಲ್ಲೂ ಹತ್ತಿಯದಿದೆ, ರೇಷ್ಮೆಯದಿದೆ, ಕೃತಕ ರೇಷ್ಮೆಯದೂ ಇದೆ. ಅಂಚಿನಿಂದ ಎರಡು ಎಳೆ ಕಿತ್ತು ಕಡ್ಡಿ ಗೀರಿ ಸುಡಿ. ಕಾಗದದಂತೆ ಉರಿದು ಮೆತ್ತನೆಯ ಬೂದಿ ಉಳಿದರೆ ಅದು ಹತ್ತಿ ಅಥವಾ ಹತ್ತಿಯಂಥದ್ದು. ಕರಗಿ ಗಟ್ಟಿ ಮಣಿಯಾದರೆ ಅದು ಪ್ಲಾಸ್ಟಿಕ್ ನೂಲು, ಬೇಡ. ಆಮೇಲೆ ಅರಿವೆಯ ಮೇಲೆ ಒಂದು ಹನಿ ನೀರು ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಹೀರಿದರೆ ಬಳಸಬಹುದು, ಮಣಿಯಂತೆ ಮೇಲೆ ನಿಂತರೆ ಬೇಡ.

ಅಳತೆ ಹೀಗಿಟ್ಟುಕೊಳ್ಳಿ: 72 ಸೆಂಟಿಮೀಟರ್ ಉದ್ದ, 24 ಸೆಂಟಿಮೀಟರ್ ಅಗಲದ ತುಂಡು. ಅಗಲವನ್ನು ಮೂರು ಮಡಿಕೆ ಮಾಡಿದರೆ 8 ಸೆಂಟಿಮೀಟರ್. ಉದ್ದವನ್ನು ಮತ್ತೆ ಮೂರು ಮಡಿಕೆ ಮಾಡಿದರೆ 24 ಸೆಂಟಿಮೀಟರಿನ, ಒಂಬತ್ತು ಪದರಿನ ಪ್ಯಾಡು ತಯಾರು. ಒಗೆಯುವಾಗ ಪೂರ್ತಿ ಬಿಚ್ಚಿಕೊಳ್ಳುವುದರಿಂದ ಇದರಷ್ಟು ಬೇಗ ಒಣಗುವ ಸಾಧನ ಇನ್ನೊಂದಿಲ್ಲ. ಕೊರತೆ ಒಂದೇ, ಹಿಡಿತ. ಬಿಗಿಯಾದ ಚಡ್ಡಿ ಇಲ್ಲದಿದ್ದರೆ ಜಾರುತ್ತದೆ, ನಡೆದಾಗ ತೊಡೆಗೆ ಉಜ್ಜಿ ಕೆಂಪಾಗುತ್ತದೆ. ಅಂಚನ್ನು ಒರಟಾಗಿ ಹೊಲಿಯದೆ ಹಾಗೇ ಬಿಡುವುದು ಲೇಸು.

ಹೊಲಿದ ಬಟ್ಟೆ ಪ್ಯಾಡು

ಅಂಗಡಿಯಲ್ಲಿ, ಸ್ವಸಹಾಯ ಸಂಘಗಳಲ್ಲಿ, ಆನ್‌ಲೈನಿನಲ್ಲಿ ಸಿಗುವ ಬಟ್ಟೆ ಪ್ಯಾಡಿಗೆ ಸಾಮಾನ್ಯವಾಗಿ ಮೂರು ಭಾಗ. ಮೈಗೆ ತಾಗುವ ಹತ್ತಿಯ ಮೇಲ್ಪದರು, ಹೀರುವ ಒಳಪದರು, ಕೆಳಗೆ ನೀರು ದಾಟಿಸದ ಪದರು. ಈ ಮೂರನೆಯದು ಬಟ್ಟೆಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಪೊರೆ. ಇದನ್ನು ಪಿಯುಎಲ್ ಎನ್ನುತ್ತಾರೆ. ರೆಕ್ಕೆಗಳಲ್ಲಿ ಟಿಚ್ ಬಟನ್ ಇರುತ್ತದೆ, ಚಡ್ಡಿಯ ಕೆಳಗೆ ತಂದು ಒತ್ತಿದರೆ ಹಿಡಿಯುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಒಳಪದರು ಹೊಲಿಗೆಯೊಳಗೆ ಮುಚ್ಚಿಕೊಂಡಿದೆಯೋ ಬಿಚ್ಚಿಕೊಳ್ಳುತ್ತದೆಯೋ ಎಂಬುದನ್ನು. ಮುಚ್ಚಿದ್ದು ಹಾಕಿಕೊಳ್ಳುವುದಕ್ಕೆ ಅಚ್ಚುಕಟ್ಟು, ವಿಜಯಪುರ, ಬಾಗಲಕೋಟೆಯ ಒಣ ಹವೆಗೆ ಸಾಕು. ಖಾನಾಪುರದ ಕಡೆಯವರು, ಬೆಳಗಾವಿಯ ಮಳೆಗಾಲದಲ್ಲಿ ಮನೆಯೊಳಗೇ ಒಣಹಾಕುವವರು ಬಿಚ್ಚಿಕೊಳ್ಳುವ ಮಾದರಿಯನ್ನೇ ಕೇಳಿ ಕೊಳ್ಳಿ. ಮರುಬಳಕೆಯ ಪ್ಯಾಡು ಮತ್ತು ಪೀರಿಯಡ್ ಪ್ಯಾಂಟಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 17514:2021 ಎಂಬ ಮಾನದಂಡವಿದೆ. ಪೊಟ್ಟಣದ ಮೇಲೆ ಆ ಸಂಖ್ಯೆ ಇದ್ದರೆ ಹೀರುವಿಕೆ, ಬಣ್ಣ ಬಿಡದಿರುವುದು ಮುಂತಾದವನ್ನು ಯಾವ ಅಳತೆಗೋಲಿನಿಂದ ನೋಡಿದ್ದಾರೆ ಎಂಬುದಾದರೂ ಗೊತ್ತಾಗುತ್ತದೆ.

ಎಷ್ಟು ಬೇಕು? ಹಗಲಿಗೆ ನಾಲ್ಕೈದು ತಾಸಿಗೆ ಒಂದರಂತೆ ಮೂರು, ರಾತ್ರಿಗೆ ಉದ್ದನೆಯದೊಂದು. ದಿನಾ ಒಗೆದು ಮರುದಿನಕ್ಕೆ ಒಣಗುವ ಊರಿನಲ್ಲಿ ಎಂಟು ಸಾಕು. ಒಣಗಲು ಎರಡು ದಿನ ಹಿಡಿಯುವ ಕಡೆ ಹನ್ನೆರಡು ಬೇಕು. ನಾಲ್ಕೇ ಕೊಂಡು ಶುರುಮಾಡಿ ಹಸಿ ಪ್ಯಾಡು ಹಾಕಿಕೊಳ್ಳುವ ಹೊತ್ತು ಬಂದಾಗ ಬೇಸತ್ತು ಬಿಟ್ಟವರು ಬಹಳ ಮಂದಿ.

ಒಗೆಯುವ ಕ್ರಮದಲ್ಲಿ ಜನ ಎಡವುವುದು ಮೊದಲ ನೀರಿನಲ್ಲೇ. ಬಿಸಿ ನೀರು ಹಾಕಬೇಡಿ. ರಕ್ತದಲ್ಲಿರುವ ಪ್ರೋಟೀನು ಬಿಸಿಗೆ ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಕಲೆ ಬಿಡುವುದಿಲ್ಲ. ಒಂದು ಸಣ್ಣ ಬೋಗುಣಿಯಲ್ಲಿ ತಣ್ಣೀರು, ಒಂದು ಚಮಚ ಉಪ್ಪು ಹಾಕಿ ಅರ್ಧ ತಾಸು ನೆನೆಸಿ. ಸೋಪು ಬೀಳದ ಈ ಮೊದಲ ನೀರನ್ನು ಚರಂಡಿಗೆ ಸುರಿಯಿರಿ. ಉಪ್ಪು ಹಾಕದಿದ್ದರೆ ಗಿಡದ ಬುಡಕ್ಕೂ ಹಾಕಬಹುದು, ನೀರಿಗೆ ಬರವಿರುವಲ್ಲಿ ಅದೂ ಒಂದು ಲೆಕ್ಕವೇ. ಆಮೇಲೆ ಅರ್ಧ ಚಮಚ ಪುಡಿ ಹಾಕಿ ಕೈಯಿಂದ ತಿಕ್ಕಿ, ನೀರು ತಿಳಿಯಾಗುವವರೆಗೆ ಹಿಂಡಿ. ಮೂರ್ನಾಲ್ಕು ಪ್ಯಾಡು ಒಟ್ಟಿಗೆ ಒಗೆದರೆ ಅರ್ಧ ಬಕೀಟು ನೀರಿನಲ್ಲಿ ಮುಗಿಯುತ್ತದೆ. ನೆನೆಹಾಕಿ ಮುಚ್ಚಿಟ್ಟು ಇಡೀ ರಾತ್ರಿ ಬಿಟ್ಟರೆ ವಾಸನೆ ಹಿಡಿಯುತ್ತದೆ.

ಈಗ ಸವಳು ನೀರಿನ ಮಾತು. ಇದನ್ನು ಯಾವ ಪೊಟ್ಟಣದ ಮೇಲೂ ಬರೆದಿರುವುದಿಲ್ಲ, ನಮ್ಮ ಕಡೆ ಬಟ್ಟೆ ಪ್ಯಾಡು ಕೆಡುವುದು ಹೆಚ್ಚಾಗಿ ಇದರಿಂದಲೇ. ಸವಳು, ಅಂದರೆ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಟ್ಟೆ ಸೋಪಿನ ಬಾರು ಅದರಲ್ಲಿ ನೊರೆ ಕೊಡುವ ಬದಲು ಬಿಳಿ ಜಿಡ್ಡಾಗುತ್ತದೆ. ಆ ಜಿಡ್ಡು ನೂಲಿನ ಮೇಲೆ ಕೂತು ಹೀರುವ ಶಕ್ತಿಯನ್ನೇ ಕೊಲ್ಲುತ್ತದೆ. ಮೂರು ತಿಂಗಳಿಗೆ ಪ್ಯಾಡು ರಟ್ಟಿನಂತಾಗುತ್ತದೆ, ರಕ್ತ ಹೀರದೆ ಬದಿಗೆ ಹರಿಯುತ್ತದೆ, ಬಳಸುವವರು "ಈ ಪ್ಯಾಡು ಸರಿಯಿಲ್ಲ" ಎಂದು ಎಸೆಯುತ್ತಾರೆ. ಪ್ಯಾಡು ಸರಿಯಾಗಿಯೇ ಇರುತ್ತದೆ! ಅರ್ಧ ಬಕೀಟು ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್, ಇಲ್ಲವೇ ಎರಡು ಲಿಂಬೆಹಣ್ಣಿನ ರಸ ಹಾಕಿ ಅರ್ಧ ತಾಸು ನೆನೆಸಿ, ಚೆನ್ನಾಗಿ ಜಾಲಿಸಿ. ಒಣಗಿದ ಮೇಲೆ ಹನಿ ನೀರಿನ ಪರೀಕ್ಷೆ ಮಾಡಿದರೆ ಹೊಸದರಂತೆ ಹೀರುತ್ತದೆ. ಎರಡು ತಿಂಗಳಿಗೊಮ್ಮೆ ಮಾಡಿದರೆ ಸಾಕು, ಪದೇ ಪದೇ ಹುಳಿ ಬಿದ್ದರೆ ಪಿಯುಎಲ್ ಪೊರೆಯೂ ಎಲಾಸ್ಟಿಕ್ಕೂ ಸಡಿಲಾಗುತ್ತವೆ. ದಿನದ ಒಗೆತಕ್ಕೆ ಬಾರ್ ಸೋಪಿನ ಬದಲು ಡಿಟರ್ಜೆಂಟ್ ಪುಡಿ ಬಳಸಿ, ಅದು ಗಡಸು ನೀರಿನಲ್ಲಿ ಹಾಗೆ ಜಿಡ್ಡುಗಟ್ಟುವುದಿಲ್ಲ. ಆದರೆ ಪುಡಿ ಉಳಿದರೆ ತುರಿಕೆ ಬರುತ್ತದೆ, ಅದಕ್ಕೇ ಕಡಿಮೆ ಪುಡಿ, ಹೆಚ್ಚು ಜಾಲಾಟ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರವ ಮಾತ್ರ ಬೇಡವೇ ಬೇಡ, ಅದೂ ನೂಲಿಗೆ ಜಿಡ್ಡನ್ನೇ ಬಳಿಯುತ್ತದೆ.

ಒಣಗಿಸುವುದು ಒಗೆಯುವುದಕ್ಕಿಂತ ದೊಡ್ಡದು. ಮಾಳಿಗೆಯ ಹಗ್ಗದ ಮೇಲೆ ಗಂಡಸರ ಬನಿಯನ್ನು ರಾಜಾರೋಷವಾಗಿ ಒಣಗುತ್ತದೆ, ಹೆಣ್ಣುಮಗಳ ಮುಟ್ಟಿನ ಬಟ್ಟೆ ಮಾತ್ರ ಬಚ್ಚಲ ಮೂಲೆಯಲ್ಲಿ, ಪರಕಾರದ ಕೆಳಗೆ, ಹಾಸಿಗೆಯಡಿಯಲ್ಲಿ ಅಡಗುತ್ತದೆ. "ಹೊರಗಾದಾಗ" ಬೇರೆ ಕೂಡಿಸುವ ಮನೆಗಳಲ್ಲಿ ಒಗೆಯುವ ಕಲ್ಲಿಗೂ ಹೋಗುವಂತಿಲ್ಲ. ಹಸಿ ಉಳಿದ ಬಟ್ಟೆಯಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಅದರಿಂದ ತೊಡೆಸಂದಿಯಲ್ಲಿ ಹುಣ್ಣು, ತುರಿಕೆ, ಬಿಳಿ ಹೋಗುವುದು ಶುರುವಾಗುತ್ತದೆ. ಆ ಹುಡುಗಿ ಅದನ್ನೂ ಯಾರಿಗೂ ಹೇಳುವುದಿಲ್ಲ. ಮನೆಯ ಹಿರಿಯ ಹೆಣ್ಣುಮಕ್ಕಳೇ, ಹಗ್ಗದ ಮೇಲೆ ಒಂದು ಮೊಳ ಜಾಗ ಬಿಟ್ಟುಕೊಡಿ. ಇದಕ್ಕಿಂತ ದೊಡ್ಡ ಔಷಧ ಯಾರೂ ಕೊಡಲಾರರು.

ಜಾಗ ಸಿಕ್ಕೇ ಸಿಗದಿದ್ದರೆ ಗಾಢ ಬಣ್ಣದ, ಬಿಚ್ಚಿದಾಗ ಕರವಸ್ತ್ರದಂತೆ ಕಾಣುವ ಪ್ಯಾಡು ಆರಿಸಿ. ಒಣಗಿದೆಯೋ ಇಲ್ಲವೋ ತಿಳಿಯಲು ಪ್ಯಾಡಿನ ನಡುಭಾಗವನ್ನು ಮುಂಗೈಯ ಒಳಮಗ್ಗುಲಿಗೆ ಒತ್ತಿ ಹತ್ತು ಎಣಿಸಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ಹಸಿ ಇದೆ. ಮಳೆಗಾಲದಲ್ಲಿ ಬರಿ ಹತ್ತಿಯ ಅರಿವೆಯನ್ನು ಐದು ಹತ್ತು ನಿಮಿಷ ಕುದಿಸಿ, ಇಸ್ತ್ರಿ ಹಾಕಿ ಒಣಗಿಸಬಹುದು. ಪಿಯುಎಲ್ ಇರುವ ಪ್ಯಾಡನ್ನು ಕುದಿಸಬಾರದು, ಆ ಬದಿಗೆ ಇಸ್ತ್ರಿ ತಾಗಿಸಬಾರದು, ಪೊರೆ ಕರಗಿ ಸುಲಿದು ಬರುತ್ತದೆ.

ಮುಟ್ಟಿನ ಕಪ್

ಇದು ಗಂಟೆಯಾಕಾರದ, ಮೆಡಿಕಲ್ ಗ್ರೇಡ್ ಸಿಲಿಕೋನಿನ ಬಟ್ಟಲು. ಹೀರುವುದಿಲ್ಲ, ಹಿಡಿದಿಡುತ್ತದೆ. ಬಾಯಿಯ ಅಗಲ ಸುಮಾರು 40ರಿಂದ 46 ಮಿಲಿಮೀಟರ್. ಅಂಚಿನ ಕೆಳಗೆ ಸಣ್ಣ ಸಣ್ಣ ಗಾಳಿತೂತು, ತುದಿಯಲ್ಲಿ ಕಡ್ಡಿ. ನೀರಿಗೆ ತತ್ವಾರ ಇರುವ ಊರಿಗೆ, ಹೊಲದ ಕೆಲಸಕ್ಕೆ, ದೂರದ ಬಸ್ಸಿಗೆ ಇದರಷ್ಟು ಹೊಂದುವುದು ಇನ್ನೊಂದಿಲ್ಲ. ಕಲಿಯುವುದಕ್ಕೆ ಇದರಷ್ಟು ತಾಳ್ಮೆ ಕೇಳುವುದೂ ಇನ್ನೊಂದಿಲ್ಲ.

ಮೊದಲು ಕೇಳುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ: "ಅಕ್ಕಾರ, ಒಳಗ ಹೋಗಿ ಎಲ್ಲ್ಯಾರ ಕಳದು ಬಿಟ್ರ?" ಕಳೆಯುವುದಿಲ್ಲ. ಯೋನಿ ಏಳೆಂಟು ಸೆಂಟಿಮೀಟರಿನ ಆಸುಪಾಸಿನ ದಾರಿ, ಮೇಲೆ ಗರ್ಭಕೊರಳಿನಲ್ಲಿ ಮುಗಿಯುತ್ತದೆ. ಆ ಕೊರಳಿನ ತೂತು ರಕ್ತ ಇಳಿಯುವಷ್ಟೇ ಕಿರಿದು, ಕಪ್ ಅದನ್ನು ದಾಟಲಾರದು. ಮೇಲೆ ಹೋದಂತೆ ಅನ್ನಿಸಿದರೆ ಕುಕ್ಕರಗಾಲಿನಲ್ಲಿ ಕೂತು, ಮಲವಿಸರ್ಜನೆಗೆ ತಿಣುಕಿದಂತೆ ಕೆಳಮುಖ ಒತ್ತಿದರೆ ಕೈಗೆ ಬರುತ್ತದೆ.

ಅಳತೆ ಆರಿಸುವಾಗ ಪೊಟ್ಟಣದ ಮೇಲಿನ "30 ವರ್ಷದ ಒಳಗೆ, ಮೇಲೆ" ಎಂಬುದಕ್ಕಿಂತ ಗರ್ಭಕೊರಳು ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯ. ಮುಟ್ಟಿನ ಎರಡನೇ ದಿನ ಕೈ ತೊಳೆದು ತೋರುಬೆರಳು ಒಳಗಿಟ್ಟು ನೋಡಿ. ಮೂಗಿನ ತುದಿಯಂತೆ ಗಟ್ಟಿಯಾಗಿ ತಾಗುವುದೇ ಗರ್ಭಕೊರಳು. ಬೆರಳಿನ ಮೊದಲ ಗೆಣ್ಣಿಗೇ ತಾಗಿದರೆ ಗಿಡ್ಡ ಕಪ್, ಎರಡನೇ ಗೆಣ್ಣಿಗೆ ತಾಗಿದರೆ ಸಾಮಾನ್ಯದ್ದು, ತಾಗದೇ ಇದ್ದರೆ ಉದ್ದನೆಯದು. ಸಹಜ ಹೆರಿಗೆಯಾದವರಿಗೆ ಹೆಚ್ಚಾಗಿ ಅಗಲದ್ದು ಹೊಂದುತ್ತದೆ.

ಹಾಕಿಕೊಳ್ಳುವಾಗ ಕಪ್ಪನ್ನು ನೀರಿನಿಂದ ಒದ್ದೆ ಮಾಡಿ, ಎಣ್ಣೆ ಹಚ್ಚಬೇಡಿ. ಅಂಚಿನ ಒಂದು ಕಡೆಯನ್ನು ಬೆರಳಿನಿಂದ ಒಳಗೆ ಅದುಮಿದರೆ ಬಾಯಿ ಮೊಗ್ಗಿನಂತೆ ಕಿರಿದಾಗುತ್ತದೆ. ಹೊಸಬರಿಗೆ ಈ ಮಡಿಕೆಯೇ ಸುಲಭ. ನೇರ ಮೇಲಕ್ಕೆ ತಳ್ಳದೆ ಬೆನ್ನಿನ ಕೆಳಗಿನ ಬಾಲದ ಮೂಳೆಯ ಕಡೆಗೆ ಓರೆಯಾಗಿ ತಳ್ಳಿ. ಒಳಗೆ ಬಿಟ್ಟ ಮೇಲೆ ಬುಡವನ್ನು ಹಿಡಿದು ತುಸು ತಿರುಗಿಸಿ, ಬೆರಳನ್ನು ಬುಡದ ಸುತ್ತ ಆಡಿಸಿ. ಎಲ್ಲೂ ಮಡಿಕೆ ಸಿಗದೆ ದುಂಡಗಿದ್ದರೆ ತೆರೆದಿದೆ ಎಂದರ್ಥ.

ಸೋರುವುದಕ್ಕೆ ಮುಖ್ಯ ಕಾರಣವೇ ಸರಿಯಾಗಿ ತೆರೆಯದಿರುವುದು. ತೆರೆದೂ ಸೋರಿದರೆ ಇನ್ನು ಮೂರು ನೋಡಿ: ಕಪ್ ಗರ್ಭಕೊರಳಿನ ಪಕ್ಕಕ್ಕೆ ಕೂತಿದೆ, ಗರ್ಭಕೊರಳು ಕೆಳಗಿದ್ದು ಕಪ್ಪಿನೊಳಗೇ ಇಳಿದು ಜಾಗ ತಿಂದಿದೆ, ಇಲ್ಲವೇ ಮಲಬದ್ಧತೆಯಿಂದ ತುಂಬಿದ ಕರುಳು ಕಪ್ಪನ್ನು ಒತ್ತುತ್ತಿದೆ. ಮೂತ್ರಕ್ಕೆ ಪದೇ ಪದೇ ಹೋಗಬೇಕೆನಿಸಿದರೆ ಕಪ್ ಬಿರುಸಾಯಿತು ಎಂದು ತಿಳಿಯಿರಿ, ಮೆತ್ತನೆಯದಕ್ಕೆ ಬದಲಿಸಿ.

ತೆಗೆಯುವಾಗ ಕಡ್ಡಿಯನ್ನೇ ಹಿಡಿದು ಜಗ್ಗುವುದು ಎಲ್ಲರೂ ಮಾಡುವ ತಪ್ಪು. ಒಳಗೆ ಗಾಳಿಯ ಬಿಗಿ ಇರುತ್ತದೆ, ಜಗ್ಗಿದರೆ ಗರ್ಭಕೊರಳೂ ಜೊತೆಗೆ ಎಳೆದು ನೋಯುತ್ತದೆ. ಕಡ್ಡಿಯ ಗುಂಟ ಮೇಲೇರಿ ಬುಡವನ್ನು ಎರಡು ಬೆರಳಿನಿಂದ ಚಿವುಟಿ, ಬಿಗಿ ಬಿಟ್ಟದ್ದು ಗೊತ್ತಾದ ಮೇಲೆ ಒಂದು ಅಂಚನ್ನು ಮೊದಲು, ಇನ್ನೊಂದನ್ನು ಆಮೇಲೆ ಹೊರಗೆ ತನ್ನಿ. ನೆಟ್ಟಗೆ ಹಿಡಿದರೆ ಚೆಲ್ಲುವುದಿಲ್ಲ. ಉಗುರು ಉದ್ದ ಬಿಟ್ಟವರು ಕತ್ತರಿಸಿಕೊಳ್ಳಿ.

ಮೊದಲೆರಡು ದಿನ ನಾಲ್ಕರಿಂದ ಆರು ತಾಸಿಗೆ, ಆಮೇಲೆ ಎಂಟು ತಾಸಿಗೆ ಖಾಲಿ ಮಾಡಿ. ಹನ್ನೆರಡು ತಾಸು ಯಾವ ಕಾರಣಕ್ಕೂ ದಾಟಬಾರದು. ಹೊರಗಿನ ಬಚ್ಚಲಿಗೆ ಅರ್ಧ ಲೀಟರಿನ ಬಾಟಲಿ ನೀರು ಒಯ್ದರೆ ಸಾಕು: ಕೈ ತೊಳೆಯಲು ಅರ್ಧ, ಕಪ್ ತೊಳೆಯಲು ಅರ್ಧ. ಕೈ ಮೊದಲು ತೊಳೆಯಬೇಕು, ಆಮೇಲಲ್ಲ.

ಕುದಿಸುವುದು ತಿಂಗಳಿಗೊಮ್ಮೆ, ಮುಟ್ಟು ಶುರುವಾಗುವ ಮೊದಲು. ಅದಕ್ಕೇ ಒಂದು ಸಣ್ಣ ಸ್ಟೀಲ್ ಪಾತ್ರೆ ಎತ್ತಿಡಿ. ಕಪ್ ಮುಳುಗಿ ಮೇಲೆ ಎರಡು ಬೆರಳು ನೀರಿರಲಿ, ಕುದಿ ಬಂದ ಮೇಲೆ ಐದರಿಂದ ಎಂಟು ನಿಮಿಷ. ತಳಕ್ಕೆ ತಾಗಿ ಸುಡದಂತೆ ಚಹಾ ಸೋಸುವ ಸ್ಟೀಲ್ ಜರಡಿಯೊಳಗಿಟ್ಟು ಇಳಿಬಿಡಿ. ಒಲೆಯ ಮೇಲಿಟ್ಟು ರೊಟ್ಟಿ ಬಡಿಯಲು ಕೂತರೆ ನೀರು ಆರಿ ಕಪ್ ಕರಕಾಗುತ್ತದೆ, ಗಡಿಯಾರ ನೋಡಿ. ಇಲ್ಲೂ ಸವಳು ನೀರು ಕಾಡುತ್ತದೆ: ಬಿಳಿ ಪುಡಿಯಂಥ ಪದರು ಕೂತು ಗಾಳಿತೂತು ಮುಚ್ಚುತ್ತದೆ, ಆಗ ತೆಗೆಯುವಾಗ ಬಿಗಿ ಬಿಡಿಸುವುದು ಕಷ್ಟ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಲ್ಲೇ ಕುದಿಸಿದರೆ ಈ ತಂಟೆ ಇಲ್ಲ. ಪದರು ಕಟ್ಟಿದ್ದರೆ ವಿನೆಗರ್, ನೀರು ಸಮಸಮ ಬೆರೆಸಿ ಅರ್ಧ ತಾಸು ನೆನೆಸಿ, ತೊಳೆದು, ಮತ್ತೆ ಕುದಿಸಿ. ತೂತುಗಳನ್ನು ಹಿಗ್ಗಿಸಿ ಹಿಡಿದು ನೀರು ಚಿಮ್ಮಿಸಿದರೆ ಸಾಕು, ಸೂಜಿ ಹಾಕಬೇಡಿ. ಡೆಟಾಲ್, ಸುವಾಸನೆಯ ಸೋಪು ಬೇಡ. ಒಣಗಿದ ಕಪ್ಪನ್ನು ಹತ್ತಿ ಚೀಲದಲ್ಲಿಡಿ, ಗಾಳಿಯಾಡದ ಡಬ್ಬಿಯಲ್ಲಿ ಮುಗ್ಗಲು ವಾಸನೆ ಬರುತ್ತದೆ. ಬಣ್ಣ ಹಳದಿಯಾದರೆ ಚಿಂತೆಯಿಲ್ಲ. ಅಂಟಂಟಾದರೆ, ಬಿರುಕು ಬಿಟ್ಟರೆ ಮಾತ್ರ ಬಿಸಾಡಿ. ಚೆನ್ನಾಗಿ ನೋಡಿಕೊಂಡರೆ ಐದು ವರ್ಷಕ್ಕೆ ಮೋಸವಿಲ್ಲ.

ಕೈ ಕೂಡಲು ಎರಡು ಮೂರು ತಿಂಗಳು ಬೇಕು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ 43 ಅಧ್ಯಯನಗಳ, 3,319 ಮಂದಿಯ ಅನುಭವವನ್ನು ಒಟ್ಟುಗೂಡಿಸಿದ ವರದಿ ಪ್ರಕಟಿಸಿತು. ಕಪ್ಪಿನಲ್ಲಿ ಸೋರಿಕೆ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಎಂದು ಅದರಲ್ಲಿ ಕಂಡುಬಂತು, ರೂಢಿಯಾದ ಮೇಲೆ ಮುಂದುವರಿಸುತ್ತೇವೆ ಎಂದವರು ಸುಮಾರು ನೂರಕ್ಕೆ 70. ಉಳಿದ 30ರ ಸಾಲಿನಲ್ಲಿ ನೀವಿದ್ದರೂ ನಾಚಿಕೆ ಪಡಬೇಕಾದದ್ದೇನಿಲ್ಲ. ನಮ್ಮ ರಾಜ್ಯ ಸರ್ಕಾರವೂ ಶುಚಿ ಯೋಜನೆಯ ಪ್ಯಾಡುಗಳ ಜೊತೆಗೆ "ಮೈತ್ರಿ" ಹೆಸರಿನ ಕಪ್ಪನ್ನು ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಮೊದಲಿಗೆ ಹಂಚಿತು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಕಪ್ ಯಾರಿಗೆ ಬೇಡ ಎಂಬುದನ್ನೂ ಗಟ್ಟಿಯಾಗಿ ಹೇಳಬೇಕು. ಹೆರಿಗೆಯಾಗಿ ಆರು ವಾರ ಆಗದವರು, ಗರ್ಭಪಾತವಾದವರು, ಬಿಳಿಸೆರಗಿನ ಸೋಂಕಿಗೆ ಔಷಧ ನಡೆದಿರುವವರು, ಗರ್ಭಚೀಲ ಜಾರಿದವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು. ವಂಕಿ, ಅಂದರೆ ಕಾಪರ್-ಟಿ ಹಾಕಿಸಿಕೊಂಡವರಿಗೆ ಇದು ಇನ್ನೂ ಮುಖ್ಯ: ಬಿಗಿ ಬಿಡಿಸದೆ ಕಪ್ ಜಗ್ಗಿದರೆ ವಂಕಿಯ ದಾರವೂ ಎಳೆದು ಅದು ಜಾರಬಹುದು. ಮದುವೆಯಾಗದ ಹುಡುಗಿಯರ ಮಾತು ಬಂದಾಗ ಮನೆಯವರು ತಡೆಯುವುದು ಕನ್ಯಾಪೊರೆಯ ಹೆಸರಿನಲ್ಲಿ. ಆ ಪೊರೆಗೆ ಹುಟ್ಟಿನಿಂದಲೇ ದಾರಿ ಇರುತ್ತದೆ, ಇಲ್ಲದಿದ್ದರೆ ಮುಟ್ಟಿನ ರಕ್ತವೇ ಬರುವುದಿಲ್ಲ. ಕಪ್ಪಿನಿಂದ ಅದು ಹಿಗ್ಗಬಹುದು, ಹರಿಯಲೂಬಹುದು, ಆದರೆ ಯಾರ ಶೀಲವನ್ನೂ ಅದು ಹೇಳುವುದಿಲ್ಲ. ಬೇಕೋ ಬೇಡವೋ ಎಂಬ ತೀರ್ಮಾನ ಆ ಹುಡುಗಿಯದೇ ಆಗಿರಲಿ. ಒತ್ತಾಯದಿಂದ ಕೊಟ್ಟ ಕಪ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಪೀರಿಯಡ್ ಪ್ಯಾಂಟಿ

ಹೀರುವ ಪದರನ್ನು ಒಳಗೇ ಹೊಲಿದ ಚಡ್ಡಿ. ಕಲಿಯುವುದೇನೂ ಇಲ್ಲ, ಹಾಕಿಕೊಂಡರಾಯಿತು. ಮೊದಲ ಸಲ ಮುಟ್ಟಾದ ಹುಡುಗಿಗೆ, ರಾತ್ರಿಗೆ, ಕೊನೆಯ ಎರಡು ದಿನಕ್ಕೆ, ಕೈಕಾಲು ಸ್ವಾಧೀನವಿಲ್ಲದ ಮಗಳನ್ನು ನೋಡಿಕೊಳ್ಳುವ ತಾಯಿಗೆ ಇದು ದೊಡ್ಡ ಅನುಕೂಲ. ಆದರೆ ನಮ್ಮ ಬೇಸಿಗೆಗೆ ಇದು ಭಾರ. 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ದಪ್ಪ ಪದರಿನೊಳಗೆ ಬೆವರು ನಿಂತು ತೊಡೆಸಂದಿ ಕೆರಳುತ್ತದೆ. ಹೊರಗೆ ಬದಲಿಸಬೇಕಾದರೆ ಚೂಡಿದಾರದ ಪ್ಯಾಂಟನ್ನು ಪೂರ್ತಿ ಕಳಚಬೇಕು, ಒದ್ದೆ ನೆಲದ ಬಚ್ಚಲಿನಲ್ಲಿ ಅದು ಪಡಿಪಾಟಲು. ತಣ್ಣೀರಿನಲ್ಲಿ ಒಗೆಯಿರಿ, ತಿರುಚಿ ಹಿಂಡಬೇಡಿ, ಇಸ್ತ್ರಿ ಬೇಡ. ಕೆಲವು ದೇಶಗಳಲ್ಲಿ ಇಂಥ ಪ್ಯಾಂಟಿಗಳಲ್ಲಿ ಪಿಎಫ್ಎಎಸ್ ಎಂಬ, ನೀರು ಜಾರಿಸುವ ರಾಸಾಯನಿಕ ಕಂಡುಬಂದಿದೆ. ಅದಿಲ್ಲ ಎಂದು ಪೊಟ್ಟಣದ ಮೇಲೆ ಬರೆದದ್ದನ್ನೇ ಆರಿಸಿ.

ದುಡ್ಡಿನ ಲೆಕ್ಕ

ತಿಂಗಳಿಗೆ ಅಂಗಡಿಯ 20 ಪ್ಯಾಡು, ಒಂದಕ್ಕೆ 7 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 140, ವರ್ಷಕ್ಕೆ 1,680 ರೂಪಾಯಿ. 400 ರೂಪಾಯಿಯ ಕಪ್ ಮೂರು ತಿಂಗಳಿಗೆ ತನ್ನ ಬೆಲೆ ತೀರಿಸುತ್ತದೆ. 180ರಂತೆ ಎಂಟು ಬಟ್ಟೆ ಪ್ಯಾಡಿಗೆ 1,440, ತೀರಲು ಹನ್ನೊಂದು ತಿಂಗಳು. 500ರಂತೆ ನಾಲ್ಕು ಪ್ಯಾಂಟಿಗೆ 2,000, ತೀರಲು ವರ್ಷದ ಮೇಲೆ. ಹಳೆ ಅರಿವೆಗೆ ಖರ್ಚೇ ಇಲ್ಲ. ಅಂಗಡಿಯ ಪ್ಯಾಡನ್ನು ಪೂರ್ತಿ ಬಿಡಬೇಕೆಂದೂ ಇಲ್ಲ. ಪ್ರಯಾಣಕ್ಕೆ ಎರಡು ಇಟ್ಟುಕೊಂಡರೆ ತಪ್ಪೇನು? ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿಯೇ ಕೊಡಿ, ಪಾಯಖಾನೆಗೆ ಹಾಕಬೇಡಿ.

ಯಾರಿಗೆ ಯಾವುದು

ಅಥಣಿ, ಮುಧೋಳ, ಜಮಖಂಡಿಯ ಕಡೆ ಕಬ್ಬಿನ ಹಂಗಾಮಿನಲ್ಲಿ ನಸುಕಿಗೇ ಹೊಲಕ್ಕಿಳಿಯುವ ಹೆಣ್ಣುಮಗಳಿಗೆ ಸುತ್ತ ನಾಲ್ಕು ಗೋಡೆ ಇರುವುದಿಲ್ಲ, ಬಾಗಿ ಏಳುವ ಕೆಲಸಕ್ಕೆ ಪ್ಯಾಡು ಜಾರುತ್ತದೆ, ಬೆವರಿಗೆ ಉಜ್ಜುತ್ತದೆ. ಕಪ್ ರೂಢಿಯಾದರೆ ಮನೆಯಲ್ಲಿ ಹಾಕಿ, ಮಧ್ಯಾಹ್ನ ಬಿಡಾರದಲ್ಲಿ ಖಾಲಿ ಮಾಡಿದರೆ ಸಾಕು. ಆದರೆ ರೂಢಿ ಹಂಗಾಮಿನ ನಡುವೆ ಆಗುವುದಿಲ್ಲ, ಮಳೆಗಾಲದ ಬಿಡುವಿನಲ್ಲೇ ಕಲಿತಿರಬೇಕು.

ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡದಲ್ಲಿ ಮಗ್ಗದ ಮೇಲೆ ತಾಸುಗಟ್ಟಲೆ ಕೂಡುವವರಿಗೆ ಬಚ್ಚಲು ಹತ್ತಿರವೇ ಇರುತ್ತದೆ. ಅವರಿಗೆ ತೆಳು ಬಟ್ಟೆ ಪ್ಯಾಡು, ಮೂರು ತಾಸಿಗೊಮ್ಮೆ ಬದಲಿಸುವುದು ಹಿತ. ದಪ್ಪದ್ದು ಕೂತಲ್ಲಿ ಒತ್ತಿ ಗಾಯ ಮಾಡುತ್ತದೆ.

ಹಾಸ್ಟೆಲಿನ ವಿದ್ಯಾರ್ಥಿನಿಗೆ ಒಗೆಯುವ ಜಾಗವೂ ಒಣಗಿಸುವ ಜಾಗವೂ ಹತ್ತು ಜನರ ಜೊತೆ ಹಂಚಿಕೆ. ಕಪ್ ಒಪ್ಪಿದರೆ ಕಪ್ ಮತ್ತು ರಾತ್ರಿಗೆ ಒಂದೆರಡು ಪ್ಯಾಂಟಿ. ಕುದಿಸಲು ಒಲೆ ಸಿಗದಿದ್ದರೆ ಊರಿಗೆ ಬಂದಾಗ ಕುದಿಸಿ ಒಯ್ಯಿರಿ. ಕಪ್ ಬೇಡವೆಂದರೆ ಬಿಚ್ಚಿಕೊಳ್ಳುವ ಪ್ಯಾಡು ಎಂಟು, ಜೊತೆಗೆ ನೀರು ಸೋರದ ಚೀಲವೊಂದು. ಬಳಸಿದ ಪ್ಯಾಡನ್ನು ಅದರಲ್ಲಿ ಮಡಿಚಿಟ್ಟು ಅದೇ ದಿನ ಒಗೆಯಬೇಕು.

ಮುಟ್ಟು ನಿಲ್ಲುವ ವಯಸ್ಸಿಗೆ ಬಂದವರಲ್ಲಿ ಸ್ರಾವ ಒಂದು ತಿಂಗಳು ಹನಿ, ಮರುತಿಂಗಳು ಹೊಳೆ. ಅಂಥವರಿಗೆ ಕಪ್ಪಿನ ಜೊತೆ ಬಟ್ಟೆ ಪ್ಯಾಡು ಕಾವಲಿಗಿರಲಿ. ಕಪ್ಪಿನಿಂದ ಇನ್ನೊಂದು ಲಾಭವಿದೆ: ಎಷ್ಟು ಮಿಲಿ ಹೋಯಿತು ಎಂದು ಗೆರೆ ನೋಡಿ ಬರೆದಿಟ್ಟುಕೊಂಡರೆ ವೈದ್ಯರ ಮುಂದೆ "ಭಾಳ ಹೋಗತೈತ್ರಿ" ಅನ್ನುವ ಬದಲು ಅಳತೆಯನ್ನೇ ಹೇಳಬಹುದು.

ತಡಮಾಡದೆ ತೋರಿಸಬೇಕಾದ ಲಕ್ಷಣಗಳಿವೆ. ತಾಸಿಗೊಂದು ಪ್ಯಾಡು ತೊಯ್ದು ಎರಡು ತಾಸು ಹಾಗೇ ನಡೆದರೆ, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ರಕ್ತದ ಗೆಡ್ಡೆ ಬಿದ್ದರೆ, ಏಳು ದಿನ ದಾಟಿದರೆ ವೈದ್ಯರನ್ನು ಕಾಣಿ, ರಕ್ತದ ಪರೀಕ್ಷೆ ಮಾಡಿಸಿ. ಕಪ್ ಹಾಕಿಕೊಂಡಾಗ ಒಮ್ಮೆಲೇ 102 ಡಿಗ್ರಿಯಷ್ಟು ಜ್ವರ, ವಾಂತಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ಗಂಧೆ ಕಂಡರೆ ಕಪ್ ತೆಗೆದು ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಟಾಕ್ಸಿಕ್ ಶಾಕ್ ಎಂಬ ಈ ಕಾಯಿಲೆ ತೀರ ಅಪರೂಪ, ಆದರೆ ಬಂದರೆ ತಾಸುಗಳ ಲೆಕ್ಕದಲ್ಲಿ ಕೆಡುತ್ತದೆ. ಕಪ್ ಹಾಕಿಕೊಂಡಿದ್ದೆ ಎಂದು ಅಲ್ಲಿ ಬಾಯಿಬಿಟ್ಟು ಹೇಳಿ.

ಇನ್ನೂ ತೀರ್ಮಾನ ಆಗದಿದ್ದರೆ ಒಮ್ಮೆಗೇ ಎಂಟು ಪ್ಯಾಡಿಗೋ ದುಬಾರಿ ಕಪ್ಪಿಗೋ ದುಡ್ಡು ಸುರಿಯಬೇಡಿ. ಎರಡು ಬಟ್ಟೆ ಪ್ಯಾಡು ತಂದು, ಮೊದಲು ಮೂರು ಸಲ ಒಗೆದು ಒಣಗಿಸಿ. ಹೊಸ ಹತ್ತಿಯ ಗಂಜಿ ಹೋಗುವವರೆಗೆ ಅದು ಸರಿಯಾಗಿ ಹೀರುವುದಿಲ್ಲ. ಮುಟ್ಟಿನ ಮೂರನೇ ದಿನ, ಮನೆಯಲ್ಲೇ ಇರುವ ರವಿವಾರ ನೋಡಿ ಹಾಕಿಕೊಳ್ಳಿ. ಒಗೆಯಲು ಎಷ್ಟು ನೀರು ಹಿಡಿಯಿತು, ಒಣಗಲು ಎಷ್ಟು ತಾಸು ಬೇಕಾಯಿತು, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ.